ಅಲಗಿನ ಮೇಲೆ ಬರೆದ ಹೆಸರು

ಜೇಬಿಗೊಂದು ಒಳ್ಳೆ ಚಾಕು ತಗೋಬೇಕು ಅಂತ ಹೊರಟವರು ಈಗ ಕೇಳುವ ಮೊದಲ ಪ್ರಶ್ನೆ, "ಯಾವ ಸ್ಟೀಲು?" ಹಿಂದೆ ಹೀಗಿರಲಿಲ್ಲ. ಚಾಕು ಕೈಗೆ ತಗೊಂಡು, ಬಾಯಿಯನ್ನ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು ಕಚ್ಚುತ್ತಾ ಜಾರುತ್ತಾ ನೋಡಿ, ನಾಲ್ಕು ಸಲ ಮಡಚಿ ಬಿಚ್ಚಿ, ಅಲಗು ಅಲ್ಲಾಡುತ್ತಾ ಅಂತ ಪರೀಕ್ಷೆ ಮಾಡಿ ದುಡ್ಡು ಕೊಡ್ತಿದ್ರು. ಈಗ ಚಾಕು ಕಣ್ಣಿಗೆ ಬೀಳುವ ಮೊದಲೇ ಅದರ ಉಕ್ಕಿನ ಹೆಸರು ಗೊತ್ತಿರುತ್ತೆ. ಎಸ್30ವಿ, ಎಂ390, ಡಿ2, ವಿಜಿ-10, ಮ್ಯಾಗ್ನಾಕಟ್. ಕೇಳಿದರೆ ಯಾವುದೋ ಉಪಗ್ರಹದ ಹೆಸರು ಇರಬೇಕು ಅನ್ನಿಸುತ್ತೆ. ಅಲಗಿನ ಮೇಲೂ ಅದನ್ನೇ ಕೆತ್ತಿರುತ್ತಾರೆ, ಕೆಲವೊಮ್ಮೆ ಕಂಪನಿಯ ಹೆಸರಿಗಿಂತ ದೊಡ್ಡದಾಗಿ.

ಉಕ್ಕಿನ ಬಗ್ಗೆ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇರುವವನು ಅದನ್ನ ಮೊದಲು ಕೇಳಬಾರದು ಅನ್ನೋದು ನನ್ನ ತಕರಾರು. ಲೆಕ್ಕ ಸರಳ ಇದೆ. ನಿಮ್ಮ ಬಜೆಟ್ಟು ನಾಲ್ಕು ಸಾವಿರ ಅಂತಿಟ್ಟುಕೊಳ್ಳಿ. ಆ ನಾಲ್ಕು ಸಾವಿರದಲ್ಲಿ ದುಬಾರಿ ಉಕ್ಕಿಗೆ ಹೆಚ್ಚು ಪಾಲು ಹೋದರೆ, ಉಳಿದ ಯಾವುದಕ್ಕೋ ಪಾಲು ಕಮ್ಮಿ ಆಗಲೇಬೇಕು. ಅದು ಹದ ಮಾಡುವ ಕುಲುಮೆಯಲ್ಲಿ ಆಗಿರಬಹುದು, ಅಲಗು ತೆಳುವಾಗಿ ಉಜ್ಜುವ ಕೆಲಸದಲ್ಲಿ ಆಗಿರಬಹುದು, ಬೀಗದಲ್ಲಿ ಆಗಿರಬಹುದು. ಇವುಗಳಲ್ಲಿ ಯಾವುದರ ಹೆಸರನ್ನೂ ಅಲಗಿನ ಮೇಲೆ ಕೆತ್ತೋದಿಲ್ಲ. ಹಾಗಾಗಿ ಉಳಿತಾಯ ಅಲ್ಲೇ ಮಾಡೋದು.

ಮೊದಲು ಈ ಹೆಸರುಗಳ ಒಳಗೆ ಏನಿದೆ ನೋಡೋಣ. ಉಕ್ಕು ಅಂದರೆ ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ್ದು. ಅದಕ್ಕೆ ಕ್ರೋಮಿಯಂ ಸಾಕಷ್ಟು ಹಾಕಿದರೆ ತುಕ್ಕು ಹಿಡಿಯೋದು ಕಮ್ಮಿಯಾಗುತ್ತೆ. ಇಂಗಾಲ ಹೆಚ್ಚಾಗಿ, ಜೊತೆಗೆ ಕ್ರೋಮಿಯಮ್ಮೋ ವೆನೇಡಿಯಮ್ಮೋ ಇದ್ದರೆ ಅವೆರಡೂ ಕೂಡಿ ಕಾರ್ಬೈಡ್ ಅನ್ನೋ ಗಟ್ಟಿ ಕಾಳುಗಳಾಗುತ್ತವೆ. ಚಾಕಿನ ಬಾಯಿ ಸವೆಯದಂತೆ ತಡೆಯುವುದು ಈ ಕಾಳುಗಳೇ. ಸ್ವೀಡನ್ನಿನ 12ಸಿ27 ಅನ್ನುವ ಸಾದಾ ಉಕ್ಕಿನಲ್ಲಿ ಇಂಗಾಲ ಶೇಕಡ 0.6, ಕ್ರೋಮಿಯಂ 13.5. ಅಮೆರಿಕದ ಕ್ರೂಸಿಬಲ್ ಕಂಪನಿ 2001ರ ಹೊತ್ತಿಗೆ ಚಾಕಿಗೆಂದೇ ತಂದ ಎಸ್30ವಿಯಲ್ಲಿ ಇಂಗಾಲ 1.45, ಕ್ರೋಮಿಯಂ 14, ವೆನೇಡಿಯಂ 4. ಆಸ್ಟ್ರಿಯಾದ ಎಂ390ರಲ್ಲಿ ಇಂಗಾಲ 1.9, ಕ್ರೋಮಿಯಂ 20. ಹದಗೊಂಡ ಉಕ್ಕಿನ ಗಡಸುತನ ವಿಕರ್ಸ್ ಅಳತೆಯಲ್ಲಿ 700-800 ಇದ್ದರೆ, ವೆನೇಡಿಯಂ ಕಾರ್ಬೈಡಿನದು 2800ರ ಆಸುಪಾಸು.

ಕಾಳು ಇದ್ದರಷ್ಟೇ ಸಾಲದು, ಸಣ್ಣಗೆ ಎಲ್ಲ ಕಡೆ ಹರಡಿಕೊಂಡಿರಬೇಕು. ಕರಗಿಸಿ ಎರಕ ಹೊಯ್ದ ಡಿ2 ಥರದ ಉಕ್ಕಿನಲ್ಲಿ ಈ ಕಾಳುಗಳು ಉಪ್ಪಿಟ್ಟಿನಲ್ಲಿ ಗಂಟು ಕಟ್ಟಿದ ಹಾಗೆ ಅಲ್ಲಲ್ಲಿ ದಪ್ಪಗೆ ಕೂತುಬಿಡುತ್ತವೆ. ಅದಕ್ಕೇ ದುಬಾರಿ ಉಕ್ಕುಗಳನ್ನ ಕರಗಿದಾಗಲೇ ಅನಿಲದ ಒತ್ತಡದಲ್ಲಿ ಚಿಮುಕಿಸಿ ಪುಡಿ ಮಾಡಿ, ಆ ಪುಡಿಯನ್ನ ಕಾಯಿಸಿ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. ಗಂಟಿಲ್ಲದ ಉಪ್ಪಿಟ್ಟು. ಬೆಲೆ ಹೆಚ್ಚಾಗೋದು ಮುಖ್ಯವಾಗಿ ಈ ಪುಡಿ ಮಾಡುವ ಕಷ್ಟಕ್ಕೆ. ಇದರಲ್ಲಿ ಮೋಸ ಏನೂ ಇಲ್ಲ, ನಿಜವಾದ ವಿದ್ಯೆ.

ಆದರೆ ಆ ವಿದ್ಯೆ ನಿಮ್ಮ ಜೇಬಿನಲ್ಲಿ ಏನು ಕೆಲಸ ಮಾಡುತ್ತೆ? ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕ್ಯಾಟ್ರಾ ಅಂತ ಒಂದು ಸಂಸ್ಥೆ ಇದೆ. ಚಾಕಿನ ಬಾಳಿಕೆ ಅಳೆಯೋಕೆ ಅವರದೊಂದು ಯಂತ್ರ. ಮರಳಿನ ಅಂಶ ಸೇರಿಸಿದ ರಟ್ಟಿನ ಕಟ್ಟನ್ನ ಅಲಗಿನ ಮೇಲೆ ಹಿಂದೆ ಮುಂದೆ ಎಳೆದು, ಎಷ್ಟು ರಟ್ಟು ಕತ್ತರಿಸಿತು ಅಂತ ಲೆಕ್ಕ ಹಾಕುತ್ತೆ. ದುಬಾರಿ ಉಕ್ಕುಗಳು ಇಲ್ಲಿ ಸಾದಾ ಉಕ್ಕನ್ನ ಸಲೀಸಾಗಿ ಸೋಲಿಸುತ್ತವೆ. ದಿನಕ್ಕೆ ಇನ್ನೂರು ರಟ್ಟಿನ ಡಬ್ಬ ಬಿಚ್ಚುವ ಗೋದಾಮಿನವರಿಗೆ ಈ ಫಲಿತಾಂಶ ತುಂಬ ಮುಖ್ಯ. ನಮ್ಮ ನಿಮ್ಮ ಚಾಕು ಮೊಂಡಾಗೋದು ಸವೆದು ಅಲ್ಲ. ಸೀಬೆಕಾಯಿ ಹೆಚ್ಚೋಕೆ ಸ್ಟೀಲ್ ತಟ್ಟೆ ಇಟ್ಟುಕೊಂಡಿದ್ದಕ್ಕೆ ಮೊಂಡಾಗುತ್ತೆ. ಅಡುಗೆಮನೆ ಕಟ್ಟೆಯ ಗ್ರಾನೈಟ್ ಮೇಲೆ ನಿಂಬೆಹಣ್ಣು ಕುಯ್ದಿದ್ದಕ್ಕೆ ಮೊಂಡಾಗುತ್ತೆ. ಪಾರ್ಸೆಲ್ ಬಿಚ್ಚುವಾಗ ಪಿನ್ನಿಗೆ ತಾಗಿ ಬಾಯಿ ಮುಕ್ಕಾಗುತ್ತೆ. ಬಾಯಿ ಮಡಚಿಕೊಳ್ಳೋದು, ಮುಕ್ಕಾಗೋದು, ಎರಡೂ ಸವೆತ ಅಲ್ಲ. ಇದಕ್ಕೆ ಬೇಕಾದ್ದು ತಾಳಿಕೆ. ಕಾಳು ಹೆಚ್ಚಿದಷ್ಟೂ ಸಾಮಾನ್ಯವಾಗಿ ತಾಳಿಕೆ ಕಮ್ಮಿ! ರಟ್ಟಿನ ಮುಂದೆ ಸೋತ 12ಸಿ27 ಈ ವಿಷಯದಲ್ಲಿ ಎಸ್30ವಿಗಿಂತ ವಾಸಿ. ಒಂದು ಮರದ ಮಣೆ ತಂದಿಟ್ಟುಕೊಂಡರೆ ನಿಮ್ಮ ಚಾಕಿನ ಹರಿತ ಎಷ್ಟು ದಿನ ಉಳಿಯುತ್ತೋ, ಅಷ್ಟು ದಿನ ಯಾವ ದುಬಾರಿ ಉಕ್ಕೂ ಗ್ರಾನೈಟ್ ಮೇಲೆ ಉಳಿಸಿಕೊಡಲ್ಲ.

ಇನ್ನು ಅಲಗಿನ ಆಕಾರ. ಮಾರುಕಟ್ಟೆಯ ಬಹಳಷ್ಟು ಮಡಚುವ ಚಾಕುಗಳು ಸಿಪಾಯಿ ವೇಷ ಹಾಕಿಕೊಂಡಿರುತ್ತವೆ. ಕಪ್ಪು ಬಣ್ಣ, ಮೂರು ಮೂರೂವರೆ ಮಿಲಿಮೀಟರ್ ದಪ್ಪದ ಬೆನ್ನು, ಬಾಯಿಯ ಹಿಂದೆಯೂ ಅದೇ ದಪ್ಪದ ಠೀವಿ. ಅದರಲ್ಲಿ ಒಂದು ಸೇಬು ಕುಯ್ದು ನೋಡಿ. ಅರ್ಧಕ್ಕೆ ಹೋಗುವಷ್ಟರಲ್ಲಿ ಚಟ್ ಅಂತ ಸೇಬು ಸೀಳಿಕೊಳ್ಳುತ್ತೆ. ಬಾಯಿ ಕೂದಲು ಹೆರೆಯುವಷ್ಟು ಹರಿತ ಇದ್ದರೂ ಅಷ್ಟೇ. ಹರಿತ ಬೇರೆ, ಕುಯ್ಯುವ ಗುಣ ಬೇರೆ. ಅಲಗು ಬಾಯಿಯ ಕಡೆಗೆ ತೆಳುವಾಗುತ್ತಾ ಬಂದಿರಬೇಕು, ಮಸೆದ ಕೋನ ಕಿರಿದಾಗಿರಬೇಕು. ರಟ್ಟು ಕತ್ತರಿಸುವ ಪರೀಕ್ಷೆಯಲ್ಲೂ ಕೋನ ಕಿರಿದು ಮಾಡಿದರೆ ಸಾದಾ ಉಕ್ಕು ಎಷ್ಟೋ ಮುಂದಕ್ಕೆ ಬರುತ್ತೆ. ನಿಮಗೆ ಖರ್ಚಿಲ್ಲದೆ ಸಿಗುವ ಲಾಭ ಇದೊಂದೇ. ವಿಮರ್ಶೆ ಬರೆಯುವವರಲ್ಲಿ ಎಷ್ಟು ಜನ ಬಾಯಿಯ ಹಿಂದಿನ ದಪ್ಪ ಅಳೆದು ಹೇಳುತ್ತಾರೆ? ಉಕ್ಕಿನ ಹೆಸರಾದರೆ ಡಬ್ಬದ ಮೇಲೇ ಬರೆದಿರುತ್ತೆ, ಓದಿ ಹೇಳಿದರೆ ಮುಗೀತು.

ಈ ಹೆಸರಿನ ಹುಚ್ಚು ಹೊಸದಲ್ಲ. ನಮಗೂ ಅದಕ್ಕೂ ಒಂದು ನಂಟಿದೆ. ಯುರೋಪಿಗೆ ಹದಿನೆಂಟನೇ ಶತಮಾನದ ಕೊನೆಯಲ್ಲಿ ಪರಿಚಯವಾದ ಭಾರತದ ಮೂಸೆ ಉಕ್ಕಿಗೆ ಅವರಿಟ್ಟ ಹೆಸರು ವೂಟ್ಜ್. ಅದು ನಮ್ಮ 'ಉಕ್ಕು' ಪದವೇ ಬಾಯಿಂದ ಬಾಯಿಗೆ, ಕೈಬರಹದಿಂದ ಅಚ್ಚಿಗೆ ಹೋಗುವಾಗ ಕೆಟ್ಟು ಆದದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. (ತೆಲುಗಿನವರೂ ನಮ್ಮದು ಅಂತಾರೆ. ಅವರಲ್ಲೂ ಉಕ್ಕು ಉಕ್ಕೇ, ಜಗಳ ಬೇಡ.) 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಇಟ್ಟು ಉಕ್ಕು ಮಾಡುವುದನ್ನ ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದದ್ದೂ ಅವನ ಪುಸ್ತಕದಲ್ಲಿದೆ. ಆ ಕಾಲದ ಪ್ರೀಮಿಯಂ ಸ್ಟೀಲು ಅಂದರೆ ಇದು.

ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಗಟ್ಟಿಗಳು ಹೋದವು. ಅವುಗಳ ಪರೀಕ್ಷೆಯ ಬಗ್ಗೆ ಜಾರ್ಜ್ ಪಿಯರ್ಸನ್ ಅನ್ನುವವನು 1795ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ ನನಗೆ ಇಷ್ಟದ ಭಾಗ ರಸಾಯನಶಾಸ್ತ್ರದ್ದಲ್ಲ. ಸೊಸೈಟಿಯ ಅಧ್ಯಕ್ಷರ ಅಪೇಕ್ಷೆಯಂತೆ ಸ್ಟೋಡಾರ್ಟ್ ಅನ್ನುವ ಲಂಡನ್ನಿನ ಚಾಕು ತಯಾರಕ ಆ ಉಕ್ಕಿನಿಂದ ಮಾಡಿದ್ದು ಕತ್ತಿಯನ್ನಲ್ಲ, ಗರಿ ಲೇಖನಿ ಕೆತ್ತುವ ಒಂದು ಪುಟ್ಟ ಚಾಕನ್ನ. ಅಂದರೆ ಜೇಬಿನ ಚಾಕಿನ ಮುತ್ತಜ್ಜ. ಮಾಡೋಕೆ ಬಹಳ ಕಷ್ಟವಾಯಿತು. ಅದನ್ನ ಕಮ್ಮಿ ಕಾವಿನಲ್ಲಿ ಕಾಯಿಸಿ ಬಡಿಯಬೇಕಿತ್ತು. ಯುರೋಪಿನ ಕಮ್ಮಾರರು ತಮ್ಮ ಕಬ್ಬಿಣಕ್ಕೆ ಕೊಡುವ ಉರಿಯನ್ನೇ ಕೊಟ್ಟರೆ ಸುತ್ತಿಗೆ ಕೆಳಗೆ ಪುಡಿಪುಡಿ. ಸ್ಟೋಡಾರ್ಟ್ ತಾಳ್ಮೆಯಿಂದ ಕಮ್ಮಿ ಕಾವಿನಲ್ಲೇ ಬಡಿದು, ಹದ ಕೊಟ್ಟು, ಒಳ್ಳೆಯ ಬಾಯಿ ತೆಗೆದ. ಆಮೇಲೆ ಇದು ತಮ್ಮ ದೇಶದ ಉಕ್ಕಿಗಿಂತ ಎಷ್ಟೋ ಕೆಲಸಕ್ಕೆ ಮೇಲು ಅಂತ ಅಭಿಪ್ರಾಯ ಕೊಟ್ಟ. ಅದೇ ಗಟ್ಟಿ, ಅದೇ ಹೆಸರು. ಒಬ್ಬನ ಕೈಯಲ್ಲಿ ಪುಡಿ, ಇನ್ನೊಬ್ಬನ ಕೈಯಲ್ಲಿ ಚಾಕು.

ಇವತ್ತಿನ ಬಜೆಟ್ ಚಾಕಿಗೂ ಈ ಮಾತು ಹಾಗೇ ಅನ್ವಯಿಸುತ್ತೆ. ಡಿ2 ಉದಾಹರಣೆ ತಗೊಳ್ಳಿ. ಕಾರ್ಖಾನೆಗಳಲ್ಲಿ ತಗಡು ಕತ್ತರಿಸುವ ಅಚ್ಚುಗಳಿಗೆ ಬಳಸುವ ಹಳೇ ಉಕ್ಕು ಇದು, ಇಂಗಾಲ ಒಂದೂವರೆ ಪರ್ಸೆಂಟು, ಕ್ರೋಮಿಯಂ 12ರ ಸುತ್ತ. ಚೀನಾದ ಕಂಪನಿಗಳು ಇದನ್ನ ಅಗ್ಗದ ಮಡಚುವ ಚಾಕಿಗೆ ತಂದ ಮೇಲೆ 'ಬಡವರ ಪ್ರೀಮಿಯಂ ಸ್ಟೀಲು' ಆಗಿಬಿಟ್ಟಿದೆ. ಚೆನ್ನಾಗಿ ಹದ ಮಾಡಿ ರಾಕ್‌ವೆಲ್ ಅಳತೆಯಲ್ಲಿ 60ರ ಸುತ್ತ ತಂದರೆ ಆ ಬೆಲೆಗೆ ಸೊಗಸಾದ ಬಾಳಿಕೆ. ಹದ ತಪ್ಪಿದರೆ ಒಂದೋ ಬಾಯಿ ಮಡಚಿಕೊಳ್ಳುತ್ತೆ, ಇಲ್ಲಾ ಉದುರುತ್ತೆ. ಎರಡರ ಮೇಲೂ ಬರೆದಿರೋದು ಡಿ2 ಅಂತಲೇ. ಅದೂ ಅಲ್ಲದೆ ಅಲಗಿನ ಮೇಲೆ ಡಿ2 ಅಂತ ಕೆತ್ತೋಕೆ ಡಿ2 ಬೇಕಾಗಿಲ್ಲ, ಒಂದು ಲೇಸರ್ ಯಂತ್ರ ಇದ್ದರೆ ಸಾಕು. ಮನೆಯಲ್ಲಿ ಕೂತು ಅದನ್ನ ಪತ್ತೆ ಮಾಡೋಕೆ ನಿಮಗೂ ಆಗಲ್ಲ ನನಗೂ ಆಗಲ್ಲ. ಹಾಗಾಗಿ ಹೆಸರು ಗೊತ್ತಿಲ್ಲದ ಕಂಪನಿಯ ಡಿ2ಗಿಂತ, ಹತ್ತಾರು ವರ್ಷ ಒಂದೇ ಉಕ್ಕನ್ನ ಹದ ಮಾಡಿ ಪಳಗಿದ ಕಂಪನಿಯ ಸಾದಾ ಉಕ್ಕು ನನ್ನ ಮಟ್ಟಿಗೆ ಮೇಲು. ಇನ್ನೊಂದು ವಿಷಯ. ಡಿ2 ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಕ್ರೋಮಿಯಂ 12 ಅಂತ ಕಂಡರೂ ಅದರಲ್ಲಿ ಒಳ್ಳೇ ಪಾಲು ಕಾಳುಗಳಲ್ಲಿ ಸಿಕ್ಕಿಕೊಂಡಿರುತ್ತೆ, ತುಕ್ಕು ತಡೆಯೋಕೆ ಪೂರ್ತಿ ಸಿಗೋದಿಲ್ಲ. ಕರಾವಳಿಯ ಆಷಾಢದಲ್ಲಿ ಬೆವರಿನ ಜೇಬಲ್ಲಿಟ್ಟು ಮರೆತರೆ ಚುಕ್ಕೆ ಚುಕ್ಕೆ ತುಕ್ಕು ಗ್ಯಾರಂಟಿ.

ಹಾಗಾದರೆ ಏನು ತಗೋಬೇಕು? ನನ್ನ ಜೇಬಲ್ಲಿರೋದು ಒಪಿನೆಲ್, ನಂಬರ್ 8. ಆಲ್ಪ್ಸ್ ಬುಡದ ಸವಾ ಸೀಮೆಯಲ್ಲಿ ಕಬ್ಬಿಣದ ಕೆಲಸದವರ ಮನೆಯಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇದು. ಮರದ ದುಂಡನೆ ಹಿಡಿ, ಎಂಟೂವರೆ ಸೆಂಟಿಮೀಟರಿನ ಅಲಗು, ಒಂದು ಮೊಳೆ, ಒಂದು ತಿರುಗಿಸುವ ಉಂಗುರ. ಉಂಗುರ ತಿರುಗಿಸಿದರೆ ಅಲಗು ಮಡಚಿ ಬೆರಳು ಕುಯ್ಯುವ ಭಯ ಇಲ್ಲ. ಅದು 1955ರಲ್ಲಿ ಸೇರಿದ್ದು. ಉಳಿದದ್ದೆಲ್ಲ ಹೆಚ್ಚುಕಮ್ಮಿ ಹಾಗೇ ಇದೆ. ಉಕ್ಕು ಎರಡು ಥರ ಸಿಗುತ್ತೆ, ಒಂದು ಸ್ವೀಡನ್ನಿನ ಆ 12ಸಿ27ರ ತಮ್ಮ, ಇನ್ನೊಂದು ಕ್ರೋಮಿಯಂ ಇಲ್ಲದ ಕಾರ್ಬನ್ ಉಕ್ಕು. ಎರಡನ್ನೂ ಯಾವ ಮರ್ಯಾದಸ್ಥ ವಿಮರ್ಶಕನೂ ಪ್ರೀಮಿಯಂ ಅನ್ನಲ್ಲ. ಆದರೆ ಅಲಗಿನ ಬೆನ್ನು ಎರಡು ಮಿಲಿಮೀಟರೂ ಇಲ್ಲ, ಬಾಯಿಗೆ ಬರುವಷ್ಟರಲ್ಲಿ ಕಾಗದದ ಹಾಗೆ. ಸೇಬು ಸದ್ದೇ ಮಾಡಲ್ಲ. ಟೊಮ್ಯಾಟೊ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತೆ. ಇದರ ಹತ್ತು ಪಟ್ಟು ಬೆಲೆಯ ಎಂ390 ಚಾಕುಗಳಲ್ಲಿ ಎಷ್ಟೋ ಇಷ್ಟು ಚೆನ್ನಾಗಿ ಹಣ್ಣು ಕುಯ್ಯಲ್ಲ.

ಹೊಗಳಿ ಬಿಟ್ಟರೆ ವಿಮರ್ಶೆ ಆಗಲ್ಲ, ದೋಷಗಳೂ ಇವೆ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಅಲಗನ್ನ ಹಿಡಿದುಕೊಂಡುಬಿಡುತ್ತೆ, ಉಗುರು ಕಿತ್ತು ಬರುವಂತೆ ಎಳೆದರೂ ಬಿಚ್ಚಲ್ಲ. ಸವಾ ಜನ ಇದಕ್ಕೆ ಹಿಡಿಯ ಬುಡವನ್ನ ಮೇಜಿಗೆ ಟಕ್ ಅಂತ ಕುಟ್ಟುತ್ತಾರೆ, ಅಲಗಿನ ತುದಿ ತಾನೇ ಹೊರಗೆ ಬರುತ್ತೆ. ಅಲ್ಲಿ ಅದಕ್ಕೊಂದು ಹೆಸರೇ ಇದೆ, ಸವಾದವರ ಪೆಟ್ಟು. ನಮ್ಮ ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕುಟ್ಟುತ್ತಲೇ ಇರಬೇಕಾದೀತು. ಅಗಸೆ ಎಣ್ಣೆ ಹೀರಿಸಿ ಒಣಗಿಸಿದರೆ ಸ್ವಲ್ಪ ವಾಸಿ. ಒಂದೇ ಕೈಯಲ್ಲಿ ಬಿಚ್ಚೋಕೆ ಬರಲ್ಲ. ಮೊನೆ ಸೂಕ್ಷ್ಮ, ಡಬ್ಬದ ಮುಚ್ಚಳ ಮೀಟೋಕೆ ಹೋದರೆ ಮುರಿಯುತ್ತೆ. ಎಳನೀರು ಕೆತ್ತೋದಕ್ಕಂತೂ ಯಾವ ಜೇಬಿನ ಚಾಕನ್ನೂ ತೆಗೀಬೇಡಿ ಮಾರಾಯ್ರೆ. ಅದಕ್ಕೆ ಮಚ್ಚು ಅಂತ ಒಂದಿದೆ.

ಮೀಟೋದು, ತಿರುಪು ಬಿಚ್ಚೋದು ಇದ್ದರೆ ವಿಕ್ಟೋರಿನಾಕ್ಸ್. ಅದರ ಕಥೆ ಎಲ್ಲರಿಗೂ ಗೊತ್ತು. ಅದರ ಉಕ್ಕನ್ನ ಮೆದು ಅಂತ ಹೀಯಾಳಿಸೋದು ಈಗ ಫ್ಯಾಷನ್ನು. ಹೌದು, ರಾಕ್‌ವೆಲ್ 56ರಷ್ಟೇ. ಅದನ್ನ ಬೇಕಂತಲೇ ಅಲ್ಲಿಟ್ಟಿದ್ದಾರೆ, ತುಕ್ಕು ಹಿಡಿಯಬಾರದು, ಬಾಯಿ ಉದುರಬಾರದು, ಕಾಫಿ ಲೋಟದ ಒರಟು ತಳಕ್ಕೆ ನಾಲ್ಕು ಸಲ ಉಜ್ಜಿದರೆ ಮತ್ತೆ ಹರಿತ ಆಗಬೇಕು ಅಂತ. (ಪಿಂಗಾಣಿ ಲೋಟ, ಸ್ಟೀಲಿನದ್ದಲ್ಲ.) ಅಲಗು ತೆಳು. ಆದರೆ ಸಾಮಾನ್ಯ ಮಾಡೆಲ್‌ಗಳಲ್ಲಿ ಬೀಗ ಇಲ್ಲ, ಒತ್ತಿ ಚುಚ್ಚುವ ಕೆಲಸಕ್ಕೆ ಎಚ್ಚರ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಇಲ್ಲ ಸಾರ್, ಒಂದೇ ಕೈಯಲ್ಲಿ ಬಿಚ್ಚಬೇಕು, ಬೀಗ ಬೇಕು, ಕಾಣೋಕೂ ಹೊಸ ಥರ ಇರಬೇಕು ಅನ್ನುವವರಿಗೆ ನಾನು ಹೇಳೋದು 14ಸಿ28ಎನ್ ಉಕ್ಕಿನ ಚಾಕು ಹುಡುಕಿ ಅಂತ. ಇದೂ ಸ್ವೀಡನ್ನಿನದೇ. ಇಂಗಾಲ 0.62, ಕ್ರೋಮಿಯಂ 14, ಜೊತೆಗೆ ಒಂದು ಚಿಟಿಕೆ ಸಾರಜನಕ. ಕಾಳು ಕಮ್ಮಿ, ಇರುವ ಕಾಳು ಸಣ್ಣ, ಹಾಗಾಗಿ ಬಾಯಿಯನ್ನ ತೀರಾ ತೆಳು ಮಾಡಿದರೂ ಉದುರಲ್ಲ. ತುಕ್ಕಿನ ವಿಷಯದಲ್ಲಿ ಡಿ2ಗೂ ಇದಕ್ಕೂ ಹೋಲಿಕೆಯೇ ಇಲ್ಲ. ರಟ್ಟಿನ ಪರೀಕ್ಷೆಯಲ್ಲಿ ಡಿ2 ಗೆಲ್ಲುತ್ತೆ, ಗೆಲ್ಲಲಿ.

ಉಳಿದದ್ದು ಮಸೆಯೋದು. ಈ ಖರ್ಚನ್ನ ಯಾರೂ ಬೆಲೆಗೆ ಸೇರಿಸಿ ಹೇಳಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಸೆಯುವ ಕಲ್ಲು ಅಲ್ಯುಮಿನಿಯಂ ಆಕ್ಸೈಡ್‌ನದು, ಗಡಸುತನ ವಿಕರ್ಸ್ 2100ರ ಆಸುಪಾಸು. ವೆನೇಡಿಯಂ ಕಾಳು 2800 ಅಂತ ಮೇಲೆ ಹೇಳಿದ್ದೆ. ಕಲ್ಲಿಗಿಂತ ಕಾಳೇ ಗಟ್ಟಿ! ಕಲ್ಲು ಕಾಳಿನ ಸುತ್ತಲಿನ ಉಕ್ಕನ್ನ ಕೆರೆಯುತ್ತೆ, ಕಾಳನ್ನ ಕೆರೆಯೋಕೆ ಒದ್ದಾಡುತ್ತೆ. ವೆನೇಡಿಯಂ ತುಂಬಿದ ಉಕ್ಕಿಗೆ ವಜ್ರದ ಪುಡಿ ಅಂಟಿಸಿದ ತಗಡು ಬೇಕು, ಅದಕ್ಕೆ ಬೇರೆ ದುಡ್ಡು. ಅದು ಬೇಡ ಅಂತ ಬೀದಿಯಲ್ಲಿ ಸೈಕಲ್ ಚಕ್ರಕ್ಕೆ ಕಲ್ಲು ಕಟ್ಟಿಕೊಂಡು ಸಾಣೆ ಹಿಡಿಯುವವರಿಗೆ ಕೊಟ್ಟರೆ ಕಿಡಿ ಹಾರುತ್ತೆ, ನೋಡೋಕೆ ಚೆಂದ. ಅಡುಗೆಮನೆಯ ಅಗ್ಗದ ಚಾಕಿಗೆ ಪರವಾಗಿಲ್ಲ. ಆದರೆ ಬಾಯಿಯಂಚು ನೀಲಿಗೆ ತಿರುಗಿದರೆ ಅಲ್ಲಿ ಕಾವು 300 ಡಿಗ್ರಿ ಹತ್ತಿರ ಹೋಗಿತ್ತು ಅಂತ ಅರ್ಥ. ಎಷ್ಟೋ ಚಾಕುಗಳನ್ನ 200ರ ಸುತ್ತಮುತ್ತ ಹದ ಮಾಡಿರುತ್ತಾರೆ. ಆ ಹದ ಅಷ್ಟು ಜಾಗದಲ್ಲಿ ಹೋಯಿತು. ಅದಕ್ಕೇ ನಾನು ಬಜೆಟ್ಟಿನ ಮೂರರಲ್ಲಿ ಒಂದು ಪಾಲು ಕಲ್ಲಿಗೆ ಎತ್ತಿಡಿ ಅನ್ನೋದು. ಸಾದಾ ಉಕ್ಕಾದರೆ ಎರಡು ಮುಖದ ಒಂದು ಕಲ್ಲು ಸಾಕು. ವಾರಕ್ಕೆ ಐದು ನಿಮಿಷ. ಮಸೆಯೋಕೆ ಬಾರದವನ ಕೈಯಲ್ಲಿ ಎಂ390 ಮೂರು ತಿಂಗಳು ಹರಿತ ಇದ್ದು, ಆಮೇಲೆ ಆಯುಷ್ಯಪೂರ್ತಿ ಮೊಂಡಾಗಿರುತ್ತೆ.

ಕಾನೂನಿನ ಮಾತು ಕೇಳುವವರಿದ್ದಾರೆ. ನಮ್ಮ ದೇಶದ ಆಯುಧ ನಿಯಮಗಳು ಲೈಸೆನ್ಸಿನ ವಿಷಯದಲ್ಲಿ ನೋಡೋದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನ. ಮನೆಗೆ, ಬೇಸಾಯಕ್ಕೆ ಅಂತ ಮಾಡಿದವುಗಳಿಗೆ ಅಲ್ಲೇ ವಿನಾಯಿತಿ ಇದೆ. ಒಪಿನೆಲ್ 8 ಮೂರೂವರೆ ಇಂಚೂ ಇಲ್ಲ. ಹಾಗಂತ ಮೆಟ್ರೋಗೋ ವಿಮಾನದ ಕ್ಯಾಬಿನ್ನಿಗೋ ಒಯ್ದರೆ ತಪಾಸಣೆಯವರು ಇಂಚುಪಟ್ಟಿ ತೆಗೆಯೋದಿಲ್ಲ, ಚಾಕನ್ನೇ ತೆಗೆದಿಟ್ಟುಕೊಳ್ಳುತ್ತಾರೆ.

ದುಬಾರಿ ಉಕ್ಕು ಯಾರಿಗೂ ಬೇಡ ಅಂತಲ್ಲ. ಉಪ್ಪುನೀರಿನಲ್ಲಿ ಕೆಲಸ ಮಾಡುವವರಿಗೆ, ದಿನವಿಡೀ ಹಗ್ಗ ರಟ್ಟು ಕೊಯ್ಯುವವರಿಗೆ ಅದರ ಬೆಲೆ ಗಿಟ್ಟುತ್ತೆ. 2021ರಲ್ಲಿ ಬಂದ ಮ್ಯಾಗ್ನಾಕಟ್ಟನ್ನ ಲ್ಯಾರಿನ್ ಥಾಮಸ್ ಅನ್ನುವ ಲೋಹತಜ್ಞ ರೂಪಿಸಿದ್ದೇ ಕ್ರೋಮಿಯಂ ಕಾಳುಗಳನ್ನ ತೆಗೆದುಹಾಕಿ ತಾಳಿಕೆ ಉಳಿಸಬೇಕು, ಕ್ರೋಮಿಯಮ್ಮನ್ನ ತುಕ್ಕು ತಡೆಯೋ ಕೆಲಸಕ್ಕೆ ಬಿಡಬೇಕು ಅಂತ. ಅದನ್ನ ತೆಳು ಅಲಗಿನಲ್ಲಿ, ಸರಿಯಾದ ಹದದಲ್ಲಿ ಯಾರಾದರೂ ಮಾಡಿದ್ದರೆ, ನಿಮ್ಮ ಹತ್ತಿರ ದುಡ್ಡೂ ಇದ್ದರೆ, ಖಂಡಿತ ತಗೊಳ್ಳಿ. ನಾನು ಹೇಳ್ತಿರೋದು ನಾಲ್ಕು ಸಾವಿರದವರ ವಿಷಯ.

ಅವರಿಗೆ ಇನ್ನೊಂದೇ ಮಾತು. ಒಪಿನೆಲ್ ತಗೊಳ್ಳೋದಾದರೆ, ಒರೆಸಿಡುವ ಅಭ್ಯಾಸ ಇದ್ದರೆ, ಕಾರ್ಬನ್ನಿನದನ್ನೇ ತಗೊಳ್ಳಿ. ಕಲ್ಲಿಗೆ ಬೇಗ ಒಲಿಯುತ್ತೆ. ಮೊದಲ ವಾರ ಅದರಲ್ಲಿ ಮಾವಿನಕಾಯಿ ಹೆಚ್ಚಿ, ಅಲಗು ಬೂದುಗಪ್ಪಾಗಲಿ. ಆ ಕಪ್ಪು ಕೂತರೆ ಕೆಂಪು ತುಕ್ಕು ಅಷ್ಟು ಸುಲಭಕ್ಕೆ ಹತ್ತಿರ ಬರಲ್ಲ. ರಾತ್ರಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ. ಹೊಸ ಚಾಕು ಹೀಗೆ ಹಾಳು ಮಾಡಿಕೊಂಡಿದೀಯಲ್ಲ ಅಂತ ಮನೆಯಲ್ಲಿ ಯಾರಾದರೂ ಬೈದರೆ ಅಟ್ಟದ ಮೇಲಿಂದ ಅಜ್ಜಿಯ ಈಳಿಗೆಮಣೆ ಇಳಿಸಿ ಅದರ ಬಣ್ಣ ತೋರಿಸಿ.